ಮೂಕತ್ವವೂ ಮಾತೃಭಾಷೆಯೂ: ಬಳ್ಳಾರಿ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ವಿಮರ್ಶೆ

ಬಳ್ಳಾರಿ ಜಿಲ್ಲೆಯ ಈಚಿನ ಚರಿತ್ರೆಯಲ್ಲಿ ಭಾಷೆಯು ನಿರ್ಣಾಯಕವಾದ ಸ್ಥಾನವನ್ನು ಪಡೆದಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿ. 1800ನೆಯ ಇಸವಿಯಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಸೇರಿ, ಮದರಾಸು ಆಧಿಪತ್ಯದಲ್ಲಿ ಒಂದೂವರೆ ಶತಮಾನ ಕಳೆದ ಈ ಸೀಮೆಯು, 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಎರಡು ಭಾಗವಾಯಿತು. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಸಿರುಗುಪ್ಪವೂ, ಕುರುಗೋಡನ್ನು ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕೂ, ಉಳಿದವುಗಳೊಡನೆ ಮೈಸೂರಿಗೆ ಬಂದುವು. ಈ ವಿಭಾಗದ ಚರ್ಚೆಯಲ್ಲಿ ಉಭಯ ಪಕ್ಷದವರೂ ಮುಂದಿಟ್ಟ ಮುಖ್ಯ ಆಧಾರಗಳಲ್ಲಿ ಖಾನೇಷುಮಾರಿಯ ಮಾತೃಭಾಷೆಯ ಅಂಕಣವೂ ಒಂದು.

ಆ ಅಂಕಣವನ್ನು ತುಂಬುವ ಬಗೆಯಲ್ಲಿ ಒಂದು ಸಣ್ಣ ನಿಯಮವಿತ್ತು. ಮಾತು ಬಾರದ ಹಸುಗೂಸಿನ ಮತ್ತು ಕಿವುಡು ಮೂಗರ ಮಾತೃಭಾಷೆಯನ್ನು ಬರೆಯಬೇಕಾದಲ್ಲಿ ತಾಯಿಯ ಭಾಷೆಯನ್ನು ಬರೆಯತಕ್ಕದ್ದೆಂದು 20ನೆಯ ಶತಮಾನದ ನಡುವಣ ಗಣತಿಗಳಲ್ಲಿ ಎಣಿಕೆದಾರರಿಗೆ ಸೂಚನೆಯಾಗಿತ್ತು. ಇದರ ಅರ್ಥವನ್ನು ಯೋಚಿಸಿ ನೋಡಿದರೆ, ಒಂದು ನುಡಿಯನ್ನಾದರೂ ಆಡದ ಮಗುವಿಗೂ ಭಾಷೆಯುಂಟೆಂದು ಸರ್ಕಾರವು ಒಪ್ಪಿದಂತಾಯಿತು. ಸಿರುಗುಪ್ಪದ ಒಂದು ಮನೆಯಲ್ಲಿ ಮೂಗನಾಗಿ ಕುಳಿತಿದ್ದ ಹುಡುಗನೂ ಕನ್ನಡಿಗರ ಲೆಕ್ಕಕ್ಕೆ ಒಂದು ತಲೆಯಾಗಿ ಸೇರಿದನು. ಆ ಮಗುವನ್ನು ತನ್ನದೆಂದು ಎಣಿಸಿಕೊಂಡ ಭಾಷೆಯು ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟಿತೆಂಬುದನ್ನು ಶಬ್ದ, ಶಾಸ್ತ್ರ, ಕಾಯಿದೆ, ವಿಜ್ಞಾನ ಈ ನಾಲ್ಕು ಮುಖಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಕನ್ನಡದ ‘ಮೂಗ’ ಎಂಬುದು ಸಂಸ್ಕೃತದ ‘ಮೂಕ’ದ ತದ್ಭವ. ನೆರೆಯ ತೆಲುಗಿನಲ್ಲಿಯೂ ಇದೇ ರೂಪವಿರುವುದರಿಂದ ಬಳ್ಳಾರಿಯ ದ್ವಿಭಾಷಾ ಪ್ರದೇಶದಲ್ಲಿ ಎರಡು ಭಾಷೆಯವರಿಗೂ ಇದು ಒಂದೇ ಮಾತಾಗಿದೆ. ಅಮರಸಿಂಹನು ತನ್ನ ಕೋಶದಲ್ಲಿ ‘ಏಡಮೂಕ’ ಶಬ್ದವನ್ನು ವಿವರಿಸುವಾಗ, ನುಡಿಯುವುದರಲ್ಲಿಯೂ ಕೇಳುವುದರಲ್ಲಿಯೂ ‘ಅಶಿಕ್ಷಿತ’ನೆಂಬ ಅರ್ಥವನ್ನು ಹೇಳಿರುವುದು ಗಮನಾರ್ಹ. ಇಂದ್ರಿಯವಿಲ್ಲದವನೆಂದು ಹೇಳದೆ ಶಿಕ್ಷಣವಿಲ್ಲದವನೆಂದು ಆತನು ಹೇಳಿದನು. ಅಮರಕೋಶವನ್ನು ಬಾಯಿಪಾಠ ಮಾಡಿದ ತಲೆಮಾರುಗಳು ಈ ಒಂದು ಪದವನ್ನು ಹೆಚ್ಚಾಗಿ ಮನಸ್ಸಿಗೆ ತಂದುಕೊಂಡಂತೆ ತೋರುವುದಿಲ್ಲ.

ಕ್ರಿ. ಶ. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಧ್ವನಿಯ ಹುಟ್ಟನ್ನು ನಿರೂಪಿಸುವ ಕ್ರಮವೂ ಇಲ್ಲಿ ಸ್ಮರಣೀಯ. ಆತನ ಮತದಲ್ಲಿ ಜೀವನ ಇಷ್ಟವು ಮೊದಲು; ಅನಂತರ ಅದಕ್ಕೆ ಅನುಕೂಲವಾದ ವಾಯು; ಆ ಮೇಲೆ ನಾಭಿಮೂಲದಲ್ಲಿ ಕಹಳೆಯ ತೆರನಾಗಿ ಶಬ್ದದ್ರವ್ಯದ ಜನನ. ಹೀಗೆ ಇಚ್ಛೆ, ಉಸಿರು, ನಾದ ಎಂಬ ಮೂರು ಮೆಟ್ಟಿಲುಗಳು ಏರ್ಪಡುತ್ತವೆ. ಮೂರನೆಯದು ಇಲ್ಲವೆಂಬ ಮಾತ್ರಕ್ಕೆ ಮೊದಲನೆಯದೂ ಇಲ್ಲವೆಂದು ಊಹಿಸಲು ವೈಯಾಕರಣನು ಆಸ್ಪದ ಕೊಡುವುದಿಲ್ಲ. ‘ಮೂಗ ಕಂಡ ಕನಸು’ ಎಂಬ ನುಡಿಗಟ್ಟಿನಲ್ಲಿಯೂ ಇದೇ ತಿಳಿವಳಿಕೆಯಿದೆ. ಹೇಳಲಾಗದ ಅನುಭವಕ್ಕೆ ಉಪಮಾನವಾಗಿ ಬಳಕೆಯಾಗುವ ಈ ಮಾತು ಮೂಗನಿಗೆ ಕನಸುಂಟೆಂಬುದನ್ನು ಶಂಕಿಸುವುದೇ ಇಲ್ಲ. ಅದನ್ನು ಹೊರಗೆ ತರುವ ದಾರಿಯಿಲ್ಲವೆಂದಷ್ಟೇ ಹೇಳುತ್ತದೆ.

ಇನ್ನು ಶಾಸ್ತ್ರವಿಚಾರ. 12ನೆಯ ಶತಮಾನದಲ್ಲಿ ಕುರುಗೋಡು ಸಿಂದವಂಶದ ಅರಸರ ರಾಜಧಾನಿಯಾಗಿದ್ದಿತು. ಈ ಸಿಂದರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಅದೇ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಕರ್ನಾಟಕದಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಬಂಗಾಳವನ್ನುಳಿದು ಭಾರತದ ಬಹುಭಾಗದ ದಾಯವಿಭಾಗವನ್ನು ಆಳಿತು. ಪಾಲಿಗೆ ಅನರ್ಹರಾದವರ ಪ್ರಕರಣದಲ್ಲಿ ಮೂಲಸ್ಮೃತಿಯು ಕುಂಟ, ಉನ್ಮತ್ತ, ಜಡ, ಅಂಧ ಮೊದಲಾದವರನ್ನು ಹೆಸರಿಸಿ ‘ಆದ್ಯ’ ಎಂದು ನಿಲ್ಲಿಸಿದ್ದರೆ, ವಿಜ್ಞಾನೇಶ್ವರನು ಆ ‘ಆದ್ಯ’ ಶಬ್ದದಲ್ಲಿ ಕಿವುಡನನ್ನೂ ಮೂಕನನ್ನೂ ಅಡಕಮಾಡಿದನು.

ಆದರೆ ಆತನ ವಿಧಿಯು ಸಂಪೂರ್ಣವಾಗಿ ನಿಷ್ಠುರವಾದುದಲ್ಲ. ಇಂಥವರಿಗೆ ಪಾಲಿಲ್ಲದಿದ್ದರೂ ಅನ್ನವಸ್ತ್ರಗಳನ್ನು ಕೊಟ್ಟು ಸಲಹತಕ್ಕದ್ದು. ಅವರ ಮಕ್ಕಳು ನಿರ್ದೋಷಿಗಳಾಗಿದ್ದಲ್ಲಿ ಅವರಿಗೆ ಪಾಲುಂಟು. ವಿಭಾಗವಾದ ಮೇಲೂ ಔಷಧಾದಿಗಳಿಂದ ದೋಷವು ನೀಗಿದಲ್ಲಿ, ವಿಭಾಗಾನಂತರ ಹುಟ್ಟಿದ ಮಗನಂತೆ ಅವನೂ ಪಾಲನ್ನು ಪಡೆಯುವನು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಜಡನೆಂದರೆ ಅಂತಃಕರಣದ ವೈಕಲ್ಯದಿಂದ ಹಿತಾಹಿತಗಳನ್ನು ನಿಶ್ಚಯಿಸಲಾರದವನೆಂದು ಆತನು ಪ್ರತ್ಯೇಕವಾಗಿ ಲಕ್ಷಣವನ್ನು ಹೇಳಿರುವನು. ಅಂದಮೇಲೆ ನಾಲಗೆ ಕಟ್ಟಿದವನೂ ಬುದ್ಧಿ ಕಟ್ಟಿದವನೂ ಬೇರೆ ಬೇರೆಯೆಂಬ ವಿವೇಕವು 900 ವರ್ಷಗಳ ಹಿಂದೆಯೇ ಈ ನಾಡಿನ ಶಾಸ್ತ್ರಕಾರನಿಗೆ ಇದ್ದಿತು. ಲಕ್ಷಣದಲ್ಲಿ ಬೇರೆಯಾಗಿದ್ದ ಇಬ್ಬರನ್ನು ಫಲದಲ್ಲಿ ಮಾತ್ರ ಆತನು ಒಂದೇ ಪಂಕ್ತಿಯಲ್ಲಿ ಕೂರಿಸಿದನು.

ಇಂಗ್ಲಿಷರ ನ್ಯಾಯಾಲಯಗಳು ಮಿತಾಕ್ಷರೆಯನ್ನೇ ಹಿಂದೂಗಳ ಧರ್ಮಶಾಸ್ತ್ರವಾಗಿ ಅಂಗೀಕರಿಸಿದುವು. ಕಿವುಡು ಮೂಕತ್ವಗಳು ಜನ್ಮಸಿದ್ಧವಾಗಿದ್ದು ವಾಸಿಯಾಗದಂಥವಾಗಿದ್ದರೆ ಮಾತ್ರ ಪಾಲು ತಪ್ಪುವುದೆಂಬ ನಿರ್ಣಯಗಳು ಬಂದುವು. 1928ನೆಯ ಹಿಂದೂ ದಾಯಾನರ್ಹತಾ ನಿವಾರಣ ಕಾಯಿದೆಯು ಈ ಅನರ್ಹತೆಗಳನ್ನು ತೆಗೆದುಹಾಕಿತು. ಬಳ್ಳಾರಿಯು ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದುದರಿಂದ ಈ ಕಾಯಿದೆಯು ಇಲ್ಲಿ ನೇರವಾಗಿ ಜಾರಿಗೆ ಬಂದಿತು. ಆದರೆ ಹುಟ್ಟಿನಿಂದ ಹುಚ್ಚರು ಅಥವಾ ಬುದ್ಧಿಹೀನರು ಆದವರಿಗೆ ಹಳೆಯ ನಿಷೇಧವೇ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಮೂಕತ್ವವು ದೋಷವಲ್ಲವೆಂದಾದ ಮೇಲೆ ವಿವಾದವೆಲ್ಲವೂ ಬುದ್ಧಿಯ ಮೇಲೆ ನಿಲ್ಲುತ್ತದೆ. ಬುದ್ಧಿಯನ್ನು ಪರೀಕ್ಷಿಸಲು ಲೋಕದಲ್ಲಿ ಸಾಮಾನ್ಯವಾಗಿ ಉಪಯೋಗಿಸುವ ಸಾಧನವಾದರೋ ಪ್ರಶ್ನೋತ್ತರ. ಉತ್ತರ ಹೇಳಲಾರದವನು ತಿಳಿದವನೆಂಬುದನ್ನು ಯಾವುದರಿಂದ ಸಾಧಿಸಬೇಕು? ಬರೆಹವನ್ನು ಕಲಿಸದ, ಸಂಜ್ಞೆಯನ್ನು ಒದಗಿಸದ ಮಗುವಿಗೆ ಮಾತೊಂದೇ ಸಾಕ್ಷಿ. ಆ ಸಾಕ್ಷಿಯೇ ಇಲ್ಲ. ಹೀಗೆ ಕಾಯಿದೆಯು ಮುಂಬಾಗಿಲಿನಿಂದ ಒಳಗೆ ಕರೆದವನನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸುವ ಅಪಾಯವು ಉಳಿದೇ ಇದ್ದಿತು. 1956ನೆಯ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಪ್ರಕರಣವು ರೋಗ, ದೋಷ, ಅಂಗವೈಕಲ್ಯಗಳ ಕಾರಣದಿಂದ ಯಾರಿಗೂ ಉತ್ತರಾಧಿಕಾರ ತಪ್ಪಬಾರದೆಂದು ವಿಧಿಸಿದ ಮೇಲೆ ಆಸ್ತಿಯ ಮಟ್ಟಿಗೆ ಈ ಅಪಾಯವು ನಿವಾರಣೆಯಾಯಿತು.

ಎಣಿಕೆಯ ಚರಿತ್ರೆಯೂ ಇದೇ ತೆರನಾದುದು. 1931ರವರೆಗಿನ ಖಾನೇಷುಮಾರಿಗಳಲ್ಲಿ ಹುಚ್ಚರು, ಕಿವುಡು ಮೂಗರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕು ವರ್ಗಗಳನ್ನು ಎಣಿಸುತ್ತಿದ್ದರು. ಕಿವಿ ಕೇಳಿಸಿಯೂ ಮಾತು ಬಾರದ ಮಗುವಿಗೆ ಈ ನಾಲ್ಕರಲ್ಲಿ ತಕ್ಕ ಸ್ಥಳವಿರಲಿಲ್ಲ. 1995ನೆಯ ಅಂಗವಿಕಲರ ಕಾಯಿದೆಯು ಹೆಸರಿಸಿದ ಏಳು ವರ್ಗಗಳಲ್ಲಿಯೂ ಶ್ರವಣದೋಷವಿದ್ದಿತೇ ಹೊರತು ವಾಗ್ದೋಷವಿರಲಿಲ್ಲ. 2016ನೆಯ ಕಾಯಿದೆಯು ವರ್ಗಗಳನ್ನು 21ಕ್ಕೆ ಏರಿಸಿ, ವಾಕ್ ಮತ್ತು ಭಾಷಾ ವೈಕಲ್ಯವನ್ನೂ ಆಟಿಸಂ, ಸೆರೆಬ್ರಲ್ ಪಾಲ್ಸಿಗಳನ್ನೂ ಹೆಸರಿಸಿತು. ಸಂವಹನ ಶಬ್ದದ ನಿರ್ವಚನದಲ್ಲಿ ಸಂಜ್ಞಾಭಾಷೆ, ಬ್ರೈಲ್ ಲಿಪಿಗಳ ಜೊತೆಗೆ ವರ್ಧಕ ಮತ್ತು ಪರ್ಯಾಯ ವಿಧಾನಗಳನ್ನೂ ಅದು ಸೇರಿಸಿರುವುದು ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ನಾದವಿಲ್ಲದ ನುಡಿಯೂ ನುಡಿಯೇ ಎಂಬ ಮಾತಿಗೆ ಶಾಸನದ ಮುದ್ರೆ ಬಿದ್ದುದು ಆಗ.

ವಿಜ್ಞಾನದ ಮಾರ್ಗವು ಕರ್ನಾಟಕದಲ್ಲಿ ತೆರೆದುದು ಮೈಸೂರಿನಲ್ಲಿ. 1965ರಲ್ಲಿ ಅಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡದ ಮಕ್ಕಳನ್ನು ಕನ್ನಡದಲ್ಲಿಯೇ ಪರೀಕ್ಷಿಸುವ ಸಾಧನಗಳನ್ನು ಸಿದ್ಧಪಡಿಸತೊಡಗಿತು. 1972ರಲ್ಲಿ ಕನ್ನಡ ಉಚ್ಚಾರಣಾ ಪರೀಕ್ಷೆಯೂ, 1980ರಲ್ಲಿ ಪ್ರತಿಭಾ ಕಾರಂತರ ಭಾಷಾ ಪರೀಕ್ಷೆಯೂ ಹೊರಬಂದುವು. ಈ ಶಾಸ್ತ್ರದಲ್ಲಿ ವಾಗ್ದೋಷ, ಭಾಷಾದೋಷಗಳು ಭಿನ್ನವಾದುವು. ಬಾಯಿಯ ಸ್ನಾಯುಗಳು ಮೆದುಳಿನ ಅಪ್ಪಣೆಗೆ ಒಳಪಡದೆ ಹೋದರೆ ಭಾಷೆಯನ್ನು ಬಲ್ಲ ಮಗುವೂ ನುಡಿಯಲಾರದು; ಅಂಗಗಳೆಲ್ಲ ಸರಿಯಾಗಿದ್ದರೂ ಪದಗಳನ್ನು ಗ್ರಹಿಸುವುದರಲ್ಲಿ, ಜೋಡಿಸುವುದರಲ್ಲಿ ತೊಡಕುಂಟಾಗುವ ಮಕ್ಕಳು ಬೇರೆ. ಈ ಎರಡನೆಯ ವರ್ಗವು ಅಲ್ಪಸಂಖ್ಯೆಯದಲ್ಲ. ಅಮೆರಿಕದ ಅಯೋವಾ ಪ್ರಾಂತದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ನೂರಕ್ಕೆ ಸುಮಾರು 7 ಮಂದಿ ಇಂಥವರೆಂದು ಕಂಡುಬಂದಿತು.

ನುಡಿಯಲಾರದವರಿಗೆ ನುಡಿಯ ಸ್ಥಾನದಲ್ಲಿ ಮತ್ತೊಂದನ್ನು ಒದಗಿಸುವ ಪದ್ಧತಿಗೆ ವರ್ಧಕ ಮತ್ತು ಪರ್ಯಾಯ ಸಂವಹನವೆಂದು ಹೆಸರು. ಇದ್ದಷ್ಟು ಮಾತಿಗೆ ಬಲ ಕೊಡುವುದು ವರ್ಧಕ; ಮಾತಿಗೆ ಬದಲಾಗಿ ನಿಲ್ಲುವುದು ಪರ್ಯಾಯ. ಕೈಸನ್ನೆ, ಚಿತ್ರದ ಚೀಟಿ, ಚಿತ್ರಫಲಕ, ಅಕ್ಷರಫಲಕ, ಒತ್ತಿದರೆ ನುಡಿಯುವ ಯಂತ್ರ ಇವೆಲ್ಲವೂ ಇದರ ಅಂಗಗಳು. ಚಾರ್ಲ್ಸ್ ಬ್ಲಿಸ್ ಎಂಬಾತನು ನಾಜಿಗಳ ಸೆರೆಯಿಂದ ಪಾರಾಗಿ ಷಾಂಘೈಯಲ್ಲಿದ್ದಾಗ ಚೀನೀ ಲಿಪಿಯಿಂದ ಪ್ರೇರಿತನಾಗಿ, ಲೋಕಕ್ಕೆಲ್ಲ ಒಂದೇ ಚಿತ್ರಲಿಪಿಯಿರಬೇಕೆಂದು ರಚಿಸಿದ ಗ್ರಂಥವು 1949ರಲ್ಲಿ ಆಸ್ಟ್ರೇಲಿಯದಲ್ಲಿ ಪ್ರಕಟವಾಯಿತು. ಲೋಕವು ಅದನ್ನು ಸ್ವೀಕರಿಸಲಿಲ್ಲ. ಆದರೆ 1971ರಲ್ಲಿ ಕೆನಡಾದ ಟೊರಾಂಟೋ ನಗರದ ಸೆರೆಬ್ರಲ್ ಪಾಲ್ಸಿ ಪೀಡಿತ ಮಕ್ಕಳು ಅದೇ ಚಿಹ್ನೆಗಳನ್ನು ಬೆರಳಿನಿಂದಲೂ ಕಣ್ಣಿನಿಂದಲೂ ತೋರಿಸಿ ಮಾತನಾಡಿದರು. 1983ರಲ್ಲಿ ಈ ಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಸಂಘವು ಏರ್ಪಟ್ಟಿತು. ಭಾರತದಲ್ಲಿ 1974ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ, ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿ ಎಂದು ಹೆಸರಾದ ಸಂಸ್ಥೆಯು ಈ ಪದ್ಧತಿಯನ್ನು ಹರಡುವುದರಲ್ಲಿ ಅಗ್ರಗಣ್ಯವಾದುದು.

ಚಿತ್ರವನ್ನು ಕೊಟ್ಟರೆ ಮಗುವು ಅದಕ್ಕೇ ಒಗ್ಗಿಕೊಂಡು, ಬರಬಹುದಾದ ಮಾತೂ ಬಾರದೆ ಹೋದೀತೆಂಬ ಭಯವು ತಂದೆತಾಯಿಗಳಲ್ಲಿ ಸಹಜ. ಈ ಶಂಕೆಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ದೃಢವಾದ ಪ್ರಮಾಣವುಳ್ಳ 27 ನಿದರ್ಶನಗಳಲ್ಲಿ ಒಂದರಲ್ಲಿಯೂ ಮಾತು ಕುಗ್ಗಲಿಲ್ಲವೆಂದೂ, ನೂರಕ್ಕೆ 89ರಷ್ಟು ನಿದರ್ಶನಗಳಲ್ಲಿ ಅದು ವೃದ್ಧಿಹೊಂದಿತೆಂದೂ ತಿಳಿದುಬಂದಿದೆ. ಹೆಚ್ಚಿನವುಗಳಲ್ಲಿ ವೃದ್ಧಿಯು ಅಲ್ಪಪ್ರಮಾಣದ್ದು. ಆದರೆ ಭಯಕ್ಕೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟ.

ಸಾಹಿತ್ಯಾಧ್ಯಾಪಕರ ಕಾರ್ಯವು ಮೊದಲಾಗುವುದು ಇಲ್ಲಿಯೇ. ಚಿತ್ರಫಲಕವೊಂದರಲ್ಲಿ ಯಾವ ಪದಗಳನ್ನು, ಯಾವ ಕ್ರಮದಲ್ಲಿ ಇಡಬೇಕೆಂಬುದು ವೈದ್ಯಕ್ಕಿಂತ ಹೆಚ್ಚಾಗಿ ವ್ಯಾಕರಣಕ್ಕೆ ಸೇರಿದ ಪ್ರಶ್ನೆ. ಇಂಗ್ಲಿಷಿನ ಫಲಕವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಕರ್ತೃವಿನ ಬಳಿಕ ಕ್ರಿಯೆ, ಕ್ರಿಯೆಯ ಬಳಿಕ ಕರ್ಮ ಬರುವುದು. ಕನ್ನಡದ ವಾಕ್ಯವಾದರೋ ಕ್ರಿಯೆಯಲ್ಲಿ ಮುಗಿಯುವುದು. ಬೇಕು, ಬೇಡ, ಸಾಕು, ಇಲ್ಲ, ಅಲ್ಲ ಎಂಬಿವು ಪುರುಷ ವಚನಗಳಿಗೆ ತಕ್ಕಂತೆ ರೂಪ ಬದಲಿಸದ ಪದಗಳು. ನೀರಿನ ಚಿತ್ರವನ್ನೂ ‘ಬೇಕು’ ಎಂಬ ಚಿಹ್ನೆಯನ್ನೂ ತೋರಿಸಿದಲ್ಲಿ ಕನ್ನಡದಲ್ಲಿ ಪೂರ್ಣವಾಕ್ಯವೇ ಆಗುತ್ತದೆ. ‘ಬೇಡ’ ಎಂಬ ಒಂದೇ ಚಿಹ್ನೆಯಿಂದ ಮಗುವು ತನ್ನ ಅಸಮ್ಮತಿಯನ್ನು ಸ್ಥಾಪಿಸಬಲ್ಲುದು. ಕನ್ನಡದ ಈ ಸೌಲಭ್ಯವನ್ನು ಭಾಷಾಂತರಿಸಿದ ಫಲಕವು ಕಳೆದುಕೊಳ್ಳುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಚಿತ್ರದಲ್ಲಿ ಹೇಗೆ ಸೂಚಿಸಬೇಕು, ಕಾಗುಣಿತ ಒತ್ತಕ್ಷರಗಳನ್ನು ಅಕ್ಷರಫಲಕದಲ್ಲಿ ಹೇಗೆ ಬಿಡಿಸಿ ಇಡಬೇಕು ಎಂಬುವೂ ವೈಯಾಕರಣರ ವಿಚಾರಕ್ಕೆ ಯೋಗ್ಯವಾದ ಪ್ರಶ್ನೆಗಳು.

ಸಿರುಗುಪ್ಪದಂಥ ಗಡಿಸೀಮೆಯಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಕನ್ನಡದ ಬೇಕು, ಬೇಡ, ಸಾಕುಗಳಿಗೆ ತೆಲುಗಿನ ಕಾವಾಲಿ, ವದ್ದು, ಚಾಲು ಸರಿಸಮನಾಗಿ ನಿಲ್ಲುತ್ತವೆ; ಎರಡರಲ್ಲಿಯೂ ಕ್ರಿಯೆಯು ಕೊನೆಗೇ ಬರುತ್ತದೆ. ಆದಕಾರಣ ಒಂದೇ ಚಿತ್ರಫಲಕವು ಅಡಿಯ ಬರೆಹವನ್ನು ಮಾತ್ರ ಬದಲಿಸಿಕೊಂಡು ಎರಡು ಭಾಷೆಗಳಿಗೂ ಸಲ್ಲಬಲ್ಲುದು. ‘ಇದೆ’ ಎಂಬ ಗ್ರಾಂಥಿಕ ರೂಪಕ್ಕಿಂತ ‘ಐತಿ’ ಎಂಬ ಮನೆಮಾತು, ‘ತಾಯಿ’ಗಿಂತ ‘ಅವ್ವ’ ಎಂಬ ಕರೆ ಮಗುವಿಗೆ ಮೊದಲು ದಕ್ಕತಕ್ಕವು. ಖಾನೇಷುಮಾರಿಯ ನಿಯಮವು ಹೇಳಿದುದೂ ತಾಯಿಯ ಭಾಷೆಯನ್ನೇ ಅಲ್ಲವೆ?

ಬಳ್ಳಾರಿಯು ಕನ್ನಡ ನಿಘಂಟಿನ ಚರಿತ್ರೆಗೆ ಹೊಸದಲ್ಲ. ಇಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ ಸಂಗ್ರಹಿಸಿದ ಕನ್ನಡ-ಇಂಗ್ಲಿಷ್ ಕೋಶವು ಕಿಟ್ಟೆಲರ 1894ರ ಮಹಾಕೋಶಕ್ಕೆ ಆರು ದಶಕಗಳ ಮೊದಲೇ, 1832ರಲ್ಲಿ, ಮದರಾಸಿನಲ್ಲಿ ಅಚ್ಚಾಯಿತು. ಆ ಕೋಶಗಳು ನುಡಿಯುವವರ ಮಾತುಗಳನ್ನು ಕೂಡಿಟ್ಟುವು. ಈಗ ಬೇಕಾಗಿರುವುದು ನುಡಿಯಲಾರದ ಮಗುವಿಗೆ ಮೊದಲು ಸಲ್ಲತಕ್ಕ ನೂರಿನ್ನೂರು ಪದಗಳ ಒಂದು ಕಿರುಕೋಶ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮನೆಗಳಲ್ಲಿ ಕೇಳಿ ಬರೆದುಕೊಂಡ, ಅಲ್ಲಿನ ವಸ್ತುಗಳ ಚಿತ್ರಗಳುಳ್ಳ ಕೋಶ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಯ ಮಕ್ಕಳ ಭಾಷಾವಿಳಂಬವನ್ನು ಗುರುತಿಸುವ ಏರ್ಪಾಡಿದೆ. ಗುರುತಿಸಿದ ಮಗುವಿನ ಕೈಗೆ ಕೊಡಲು ಅದರ ಮನೆಮಾತಿನ ಪದಗಳು ಸಿದ್ಧವಾಗಿರಬೇಕು. ಆ ಕೆಲಸವನ್ನು ವೈದ್ಯರೊಬ್ಬರೇ ಮಾಡಲಾರರು.

ವಿಜ್ಞಾನೇಶ್ವರನು ಔಷಧದಿಂದ ದೋಷ ನೀಗಿದವನಿಗೆ ಪಾಲು ಮರಳುವುದೆಂದನು. ಅಮರಸಿಂಹನು ಮೂಕನನ್ನು ಅಶಿಕ್ಷಿತನೆಂದನು. ಇವೆರಡನ್ನೂ ಕೂಡಿಸಿ ಓದಿದರೆ ಶಿಕ್ಷಣವೇ ಇಲ್ಲಿ ಔಷಧವೆಂದು ಹೇಳಬೇಕಾಗುತ್ತದೆ. ಪಾಲಾದರೋ ಹೊಲಮನೆಗಳಿಗೆ ಮಾತ್ರ ಸೇರಿದುದಲ್ಲ. ಕನ್ನಡವೂ ಒಂದು ಪಿತ್ರಾರ್ಜಿತವೇ. ಗಡಿಯನ್ನು ಗೊತ್ತುಮಾಡುವಾಗ ಮೂಗ ಮಗುವನ್ನು ತನ್ನ ಸಂಖ್ಯೆಗೆ ಸೇರಿಸಿಕೊಂಡ ಭಾಷೆಯು ಅದರ ಪಾಲನ್ನು ಅದಕ್ಕೆ ಒಪ್ಪಿಸುವುದು ನ್ಯಾಯ.