ಜಾಲಹಳ್ಳಿಯ ಜರ್ಮೇನಿಯಂ

ಮಹಾರಾಷ್ಟ್ರದ ಕಬನೂರಿನಲ್ಲಿ ಕಾಲಿಟ್ಟವನ ಕಿವಿಗೆ ಮೊದಲು ಬೀಳುವುದು ಯಂತ್ರಮಗ್ಗಗಳ ಸದ್ದು. ನೆರೆಯ ಇಚಲಕರಂಜಿಯಲ್ಲಿ ೧೯೦೪ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದಂದಿನಿಂದ ಈ ಸೀಮೆಯನ್ನು ಆ ಸದ್ದು ಬಿಟ್ಟಿಲ್ಲ. ಅದರ ನಡುವೆಯೇ, ಮರಾಠಿ ಕನ್ನಡಗಳೆರಡೂ ಬಳಕೆಯಲ್ಲಿರುವ ಈ ಗಡಿನಾಡಿಗೆ ೧೯೫೦ರಲ್ಲಿ ಧಾರವಾಡದ ಆಕಾಶವಾಣಿಯೂ ೧೯೬೩ರಲ್ಲಿ ಸಾಂಗಲಿಯ ಆಕಾಶವಾಣಿಯೂ ಒದಗಿದುವು. ಆ ದನಿಗಳನ್ನು ಗೋಡೆಯ ಪ್ಲಗ್ಗಿನ ಹಂಗಿನಿಂದ ಬಿಡಿಸಿ, ಕೆಲವು ಸೆಲ್ಲುಗಳ ಬಲದಿಂದ ಹೊಲಗದ್ದೆಗಳವರೆಗೂ ಕೊಂಡೊಯ್ದದ್ದು ಜರ್ಮೇನಿಯಂ ಎಂಬ ಬೂದುಬಣ್ಣದ ಮೂಲಧಾತುವಿನ ತುಣುಕು.

ರಸಾಯನವಿಜ್ಞಾನಿ ಮೆಂಡಲೀವನು ೧೮೭೧ರಲ್ಲಿ ಕಾಣದೆಯೇ ಗುಣಲಕ್ಷಣಗಳನ್ನು ನುಡಿದು, ವಿಂಕ್ಲರನು ೧೮೮೬ರಲ್ಲಿ ಕಂಡುಹಿಡಿದ ಈ ಧಾತುವಿನಿಂದಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಬಾರ್ಡೀನ್, ಬ್ರಾಟೈನರು ೧೯೪೭ರ ಡಿಸೆಂಬರಿನಲ್ಲಿ ಮೊದಲ ಟ್ರಾನ್ಸಿಸ್ಟರನ್ನು ರಚಿಸಿದರು. ಹದಿನೈದು ವರ್ಷಗಳೊಳಗೆ ಆ ವಿದ್ಯೆ ಕನ್ನಡನಾಡಿಗೂ ಬಂದಿತು. ಸೈನ್ಯದ ಸಂಪರ್ಕಸಾಧನಗಳಿಗಾಗಿ ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ೧೯೬೧ರಲ್ಲಿ ರೇಡಿಯೊ ವಾಲ್ವುಗಳನ್ನೂ ೧೯೬೨ರಲ್ಲಿ ಜರ್ಮೇನಿಯಂ ಸಾಧನಗಳನ್ನೂ ತಯಾರಿಸತೊಡಗಿತು. ಬಿ.ಇ.ಎಲ್. ಮುದ್ರೆ ಹೊತ್ತ ಎ.ಸಿ. ೧೨೮ ಮೊದಲಾದ ಟ್ರಾನ್ಸಿಸ್ಟರುಗಳ ಲೋಹದ ಪುಟ್ಟ ಡಬ್ಬಿಗಳು ರೇಡಿಯೊ ರಿಪೇರಿಯವರ ಪೆಟ್ಟಿಗೆಗಳಲ್ಲಿ ಬಹುಕಾಲ ಮನೆಮಾಡಿಕೊಂಡಿದ್ದುವು. ೧೯೬೭ರಲ್ಲಿ ಅದೇ ಕಾರ್ಖಾನೆಯು ಸಿಲಿಕಾನನ್ನೂ ಕೈಗೆತ್ತಿಕೊಂಡಿತು. ಶಾಖಕ್ಕೆ ಅಷ್ಟಾಗಿ ಅಂಜದ ಸಿಲಿಕಾನಿನ ಮುಂದೆ ಜರ್ಮೇನಿಯಂ ನಿಲ್ಲಲಾರದಾಯಿತು.

ರೇಡಿಯೊ ಕೈಬಿಟ್ಟ ಈ ಧಾತುವನ್ನು ಗಿಟಾರು ಕೈಬಿಡಲಿಲ್ಲ. ಅಮೆರಿಕದಲ್ಲಿ ೧೯೬೨ರಲ್ಲಿ ಮಾರುಕಟ್ಟೆಗೆ ಬಂದ, ಗಿಟಾರಿನ ದನಿಯನ್ನು ಬದಲಿಸಲು ಕಾಲಿನಿಂದ ತುಳಿಯುವ ಜರ್ಮೇನಿಯಂ ಟ್ರಾನ್ಸಿಸ್ಟರಿನ ಮೆಸ್ಟ್ರೊ ಪೆಡಲನ್ನು ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ೧೯೬೫ರಲ್ಲಿ ಲೋಕವಿಖ್ಯಾತಗೊಳಿಸಿದನು. ೧೯೬೬ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆಯು ಎರಡೇ ಟ್ರಾನ್ಸಿಸ್ಟರುಗಳ ಫಜ್ ಫೇಸ್ ಎಂಬ ದುಂಡನೆಯ ಪೆಡಲನ್ನು ಹೊರತಂದಿತು, ಗಿಟಾರುವಾದಕ ಜಿಮಿ ಹೆಂಡ್ರಿಕ್ಸನು ಅದನ್ನು ತುಳಿದು ನುಡಿಸಿದನು. ತಂತಿಯ ನಾದತರಂಗದ ಶಿಖರಗಳನ್ನು ಕತ್ತರಿಸಿ ಮೊರೆತವನ್ನು ಹುಟ್ಟಿಸುವುದೇ ಇದರ ಕೆಲಸ. ಇದನ್ನು ಕರ್ಕಶವೆಂದು ತಳ್ಳಿಹಾಕುವವರು, ಕಬನೂರಿಗೆ ಬಹಳ ದೂರವಲ್ಲದ ಮೀರಜಿನ ತಂಬೂರಿಯಲ್ಲಿ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ ಜವಾರಿ ಎಂಬ ಝೇಂಕಾರವನ್ನು ಹೊರಡಿಸುವುದನ್ನು ನೆನೆಯಬೇಕು. ಬರಿಯ ಶುದ್ಧನಾದವನ್ನೇ ಸಂಗೀತವೆಂದು ನಾವೂ ಎಂದೂ ಒಪ್ಪಿದವರಲ್ಲ.

ಹೀಗೆ ಹಳೆಯ ಟ್ರಾನ್ಸಿಸ್ಟರುಗಳನ್ನು ಗುಜರಿಯಿಂದ ಆರಿಸುವ ಹೊಸ ಕಸುಬೊಂದು ಹುಟ್ಟಿತು. ಎನ್.ಕೆ.ಟಿ. ೨೭೫ ಎಂಬ ಟ್ರಾನ್ಸಿಸ್ಟರಿನ ಹೆಸರಿಗೇ ಜನ ಬೆಲೆ ತೆರುವರು. ನನ್ನ ಮಟ್ಟಿಗೆ ಇದು ಮುಗ್ಧಭಕ್ತಿ. ಒಂದೇ ಹೆಸರಿನ, ಒಂದೇ ಕಾರ್ಖಾನೆಯ ಎರಡು ಡಬ್ಬಿಗಳ ವರ್ಧನಶಕ್ತಿಯಲ್ಲಿ ಅಜಗಜಾಂತರವಿರುವುದುಂಟು. ಸಾಮಾನ್ಯ ಮಲ್ಟಿಮೀಟರನ್ನು ನಂಬಿದವನೂ ಮೋಸಹೋಗುವನು, ಏಕೆಂದರೆ ಜರ್ಮೇನಿಯಂ, ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಏನನ್ನೂ ಕೊಡದಿದ್ದಾಗಲೂ ಒಳಗಿಂದೊಳಗೆ ವಿದ್ಯುತ್ತನ್ನು ಸೋರಿಸುತ್ತದೆ, ಮೀಟರು ಆ ಸೋರಿಕೆಯನ್ನೂ ವರ್ಧನವೆಂದೇ ಲೆಕ್ಕಹಾಕುತ್ತದೆ. ಬಲ್ಲವರು ೯ ವೋಲ್ಟಿನ ಬ್ಯಾಟರಿಗೆ, ಕಲೆಕ್ಟರ್ ಎಂಬ ಕಾಲಿನಲ್ಲಿ ಸುಮಾರು ೨,೪೭೦ ಓಮ್‌ಗಳ ರೋಧಕವನ್ನಿಟ್ಟು, ಬೇಸನ್ನು ತೆರೆದೇ ಬಿಟ್ಟು ಆ ರೋಧಕದ ಮೇಲಿನ ವೋಲ್ಟೇಜನ್ನು ಮೊದಲು ಅಳೆಯುವರು, ಬಳಿಕ ೨.೨ ಮೆಗಾಓಮ್ ರೋಧಕದ ಮೂಲಕ ಬೇಸ್ ಕಾಲಿಗೆ ಸುಮಾರು ೪ ಮೈಕ್ರೊಆಂಪಿಯರ್ ಹರಿಸಿ ಮತ್ತೆ ಅಳೆಯುವರು. ಮೊದಲು ೦.೨, ಅನಂತರ ೧.೧ ವೋಲ್ಟ್ ಬಂದರೆ, ವ್ಯತ್ಯಾಸವಾದ ೦.೯ನ್ನು ನೂರರಿಂದ ಗುಣಿಸಿದಾಗ ನಿಜವಾದ ವರ್ಧನ ೯೦. ಸೋರಿಕೆಯನ್ನು ಕಳೆಯದವನು ೧೧೦ ಎಂದು ಹಿಗ್ಗುವನು. ಫಜ್ ಫೇಸಿನ ಮೊದಲ ಸ್ಥಾನಕ್ಕೆ ೭೦ರ ಆಸುಪಾಸಿನದನ್ನೂ ಎರಡನೆಯದಕ್ಕೆ ೧೨೦ರ ಆಸುಪಾಸಿನದನ್ನೂ ಕೂಡಿಸುವುದು ರೂಢಿ.

ಈ ಅಂಕಗಳಾದರೂ ಸ್ಥಿರವಲ್ಲ. ಪ್ರತಿ ೧೦ ಡಿಗ್ರಿ ಶಾಖಕ್ಕೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, ೨೦ ಡಿಗ್ರಿಯ ತಂಪಿನಲ್ಲಿ ೧೦೦ ಮೈಕ್ರೊಆಂಪಿಯರ್ ಸೋರುವುದು ೪೦ ಡಿಗ್ರಿಯಲ್ಲಿ ೪೦೦ರ ಹತ್ತಿರಕ್ಕೆ ಹೋಗುತ್ತದೆ. ಬೆರಳಿನ ಬಿಸಿಯೇ ಮೀಟರಿನ ಮುಳ್ಳನ್ನು ಅಲುಗಿಸಲು ಸಾಕು. ಆದುದರಿಂದ ಜೋಡಿಸಿದ ಟ್ರಾನ್ಸಿಸ್ಟರು ಕೈಬಿಸಿ ಆರುವವರೆಗೆ ಕಾದು, ಸೋರಿಕೆ ವರ್ಧನಗಳ ಪಕ್ಕದಲ್ಲಿಯೇ ಕೋಣೆಯ ಉಷ್ಣಮಾನವನ್ನೂ ಬರೆದಿಡಬೇಕಾಗುತ್ತದೆ. ಕಬನೂರಿನ ಕಡುಬೇಸಿಗೆಯಲ್ಲಿ ಆ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಅಳೆದೇ ಪೆಡಲಿಗೆ ಬೆಸೆಯುವುದು ಲೇಸು.