ನವಲಗುಂದ ಜಮಖಾನ

ನವಲಗುಂದ ಜಮಖಾನವು ಕರ್ನಾಟಕದ ಧಾರವಾಡ ಜಿಲ್ಲೆಯ ನವಲಗುಂದ ಪಟ್ಟಣದಲ್ಲಿ ಹತ್ತಿ ನೂಲಿನಿಂದ ಕೈಯಾರೆ ನೇಯಲಾಗುವ ನೆಲಹಾಸು. ರತ್ನಗಂಬಳಿಯಲ್ಲಿರುವಂತೆ ಗಂಟು ಹಾಕಿ ಮೇಲಕ್ಕೆಬ್ಬಿಸಿದ ಎಳೆಗಳು ಇದರಲ್ಲಿರುವುದಿಲ್ಲ, ಮೇಲ್ಮೈ ಸಪಾಟಾಗಿರುತ್ತದೆ. 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆಯಡಿ ಈ ಹೆಸರು ನೋಂದಣಿಯಾಗಿದೆ. ಆದ್ದರಿಂದ ಬೇರೆಡೆ ತಯಾರಾದ ಹಾಸನ್ನು ಇದೇ ಹೆಸರಿನಿಂದ ಮಾರುವಂತಿಲ್ಲ.

ಹಿನ್ನೆಲೆ

ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದಲ್ಲಿದ್ದ ನೇಕಾರರು ಯುದ್ಧಗಳ ಕಾರಣದಿಂದ ಈ ಭಾಗಕ್ಕೆ ವಲಸೆ ಬಂದರೆಂಬುದು ಪ್ರತೀತಿ. ನೇಯ್ಗೆಯನ್ನು ಮುಖ್ಯವಾಗಿ ಮುಸ್ಲಿಂ ಕುಟುಂಬಗಳ ಮಹಿಳೆಯರು ಮನೆಯಲ್ಲಿಯೇ ಕೈಗೊಳ್ಳುತ್ತಾರೆ. ನಮಾಜಿಗೆ ಬಳಸುವ ಚಿಕ್ಕ ಹಾಸುಗಳೂ ಇಲ್ಲಿ ತಯಾರಾಗುತ್ತವೆ.

ನೇಯ್ಗೆ ಮತ್ತು ವಿನ್ಯಾಸ

ಲಂಬವಾಗಿ ನಿಲ್ಲಿಸಿದ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಗಿದು, ಬಣ್ಣದ ಹೊಕ್ಕಿನ ಎಳೆಗಳನ್ನು ಬೆರಳುಗಳಿಂದ ತೂರಿಸಿ, ಪಂಜಾ ಎಂಬ ಹಲ್ಲಿನ ಸಾಧನದಿಂದ ಬಡಿದು ಕೂರಿಸುತ್ತಾರೆ. ಹೊಕ್ಕು ಹಾಸನ್ನು ಪೂರ್ಣವಾಗಿ ಮರೆಮಾಡುತ್ತದೆ. ಎರಡು ಬಣ್ಣಗಳು ಸಂಧಿಸುವಲ್ಲಿ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುವುದರಿಂದ ಸೀಳು ಉಳಿಯುವುದಿಲ್ಲ. ಪಗಡೆ ಹಾಸು, ಜ್ಯಾಮಿತೀಯ ಆಕೃತಿಗಳು ಹಾಗೂ ನವಿಲು ಪ್ರಧಾನ ವಿನ್ಯಾಸಗಳು. ಊರಿನ ಹೆಸರನ್ನೇ ‘ನವಿಲು’ ಮತ್ತು ‘ಗುಡ್ಡ’ ಎಂಬ ಅರ್ಥದಲ್ಲಿ ಬಿಡಿಸುವುದುಂಟು.

ಗುರುತಿಸುವಿಕೆ

ಮದುವೆ ಮನೆಗಳಲ್ಲಿ ಹಾಸುವ ಪಟ್ಟೆಪಟ್ಟೆಯ ಜಮಖಾನವನ್ನು ನವಲಗುಂದದ್ದೆಂದು ಭಾವಿಸುವುದು ಸಾಮಾನ್ಯ. ತಮಿಳುನಾಡಿನ ಭವಾನಿಯ ಜಮಕ್ಕಾಳವೂ ಇಂಥ ಅಗಲ ಪಟ್ಟೆಗಳಿಗೆ ಹೆಸರಾದುದು. ಅದೂ ಪ್ರತ್ಯೇಕ ಭೌಗೋಳಿಕ ಸೂಚಿಕೆ ಪಡೆದ ಬೇರೆಯೇ ಕಸುಬು.

ಕೊಳ್ಳುವವರು ಮೊದಲು ಹಾಸನ್ನು ಮಗುಚಿ ನೋಡಬೇಕು. ಕೈನೇಯ್ಗೆಯಲ್ಲಿ ಚಿತ್ರ ಎರಡೂ ಬದಿ ಒಂದೇ ಬಣ್ಣಗಳಲ್ಲಿ ಒಂದೇ ಸ್ಪಷ್ಟತೆಯಿಂದ ಕಾಣುತ್ತದೆ. ಅಚ್ಚು ಹಾಕಿದ ಹಾಸಿನ ಹಿಂಬದಿ ಮಂಕಾಗಿರುತ್ತದೆ. ಯಂತ್ರಮಗ್ಗದ ಎರಡು ಪದರದ ನೇಯ್ಗೆಯಲ್ಲಿ ಬಣ್ಣಗಳು ಅದಲುಬದಲಾಗುತ್ತವೆ: ಮುಂದೆ ಕೆಂಪಿದ್ದಲ್ಲಿ ಹಿಂದೆ ಬಿಳಿ. ಬಳಿಕ ಕುಚ್ಚನ್ನು ಪರೀಕ್ಷಿಸಬೇಕು. ಅದು ಹಾಸಿನ ಎಳೆಗಳದೇ ಮುಂದುವರಿಕೆಯಾಗಿರಬೇಕು. ಪ್ರತ್ಯೇಕವಾಗಿ ತಂದು ಹೊಲಿದಿದ್ದರೆ ಅನುಮಾನಿಸತಕ್ಕದ್ದು. ಅಗಲದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ, ಎರಡು ನವಿಲುಗಳ ನಡುವೆ ಸಣ್ಣ ಭೇದ ಕೈಕೆಲಸದಲ್ಲಿ ಸಹಜ, ಇವನ್ನು ದೋಷವೆನ್ನಲಾಗದು. ನೂಲಿನ ಬಗ್ಗೆ ಸಂಶಯವಿದ್ದರೆ, ಮಾರುವವರ ಒಪ್ಪಿಗೆ ಪಡೆದು, ಒಂದು ಎಳೆ ಸುಟ್ಟು ನೋಡಬಹುದು. ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ ಮೃದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಅಂಟಿದರೆ ತೊಳೆದಾಗಲೂ ಬಿಡುವುದು ಖಚಿತ. ಈ ಒಂದು ಪರೀಕ್ಷೆ ಬಣ್ಣದ ಗುಣವನ್ನಷ್ಟೇ ತಿಳಿಸುತ್ತದೆ, ಮೂಲವನ್ನಲ್ಲ.

ಈ ಪರೀಕ್ಷೆಗಳೆಲ್ಲವೂ ಕೈನೇಯ್ಗೆಯನ್ನು ಮಾತ್ರ ದೃಢಪಡಿಸುತ್ತವೆ. ಉತ್ತರ ಭಾರತದ ಪಂಜಾ ದರಿಗಳೂ ಇವುಗಳಲ್ಲಿ ತೇರ್ಗಡೆಯಾಗುತ್ತವೆ. ನವಲಗುಂದದ ಮೂಲಕ್ಕೆ ನೇಕಾರರ ಅಥವಾ ಅಧಿಕೃತ ಬಳಕೆದಾರರ ವಿವರವನ್ನೇ ಕೇಳಬೇಕು.

ಬಳಕೆ

ಹಗುರವಾದ ಕಾರಣ ನುಣುಪು ನೆಲದ ಮೇಲೆ ಜಾರುವ ಸಂಭವವಿದೆ. ಹಿರಿಯರಿರುವ ಮನೆಗಳಲ್ಲಿ ಅಡಿಯಲ್ಲಿ ರಬ್ಬರ್ ಜಾಲರಿ ಹಾಸುವುದು ಕ್ಷೇಮ. ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಮಡಚಿಟ್ಟರೆ ಮಡಿಕೆಯ ಗೆರೆಯಲ್ಲಿ ನೂಲು ಸವೆಯುವುದರಿಂದ ಸುರುಳಿ ಸುತ್ತಿ ಇಡುವುದು ರೂಢಿ.