ತಗಡಿನ ಲಿಜ್ಜಿಯ ನಿಂದಾಸ್ತುತಿ

ಮೇಲ್ನೋಟಕ್ಕೆ ನಿಂದೆಯಾಗಿ ತೋರಿ, ವಿಚಾರಿಸಿದರೆ ಸ್ತುತಿಯಾಗುವ ಉಕ್ತಿಯನ್ನು ನಮ್ಮ ಆಲಂಕಾರಿಕರು ವ್ಯಾಜಸ್ತುತಿಯೆಂದು ಕರೆದಿರುವರು. ಹರಿದಾಸರು ತಮ್ಮ ಸ್ವಾಮಿಯನ್ನೇ ಹೀಗೆ ಹಳಿದು ಹಾಡಿದುದನ್ನು ವಾಚಕರು ಬಲ್ಲರು. ಆದರೆ ಮನುಷ್ಯರು ಒಂದು ಯಂತ್ರಕ್ಕೆ, ಅದೂ ತಮ್ಮ ಹಣದಿಂದಲೇ ಕೊಂಡ ಯಂತ್ರಕ್ಕೆ, ಈ ಸೇವೆಯನ್ನು ಸಲ್ಲಿಸಿದ ಪ್ರಸಂಗವೊಂದು ಅಮೆರಿಕಾ ದೇಶದ ಚರಿತ್ರೆಯಲ್ಲಿದೆ. ಅದು ಫೋರ್ಡ್ ಕಂಪೆನಿಯ 'ಮಾಡೆಲ್ ಟಿ' ಎಂಬ ಮೋಟಾರು ಗಾಡಿಯ ಕಥೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೋಟಾರು ಸಿರಿವಂತರ ವಿಲಾಸವಸ್ತುವಾಗಿದ್ದಿತು. ಧೂಳೆಬ್ಬಿಸಿ, ಕುದುರೆಗಳನ್ನು ಬೆದರಿಸಿ ಸಾಗುವ ಧನಿಕನನ್ನು ಕಂಡು ರೈತನು ಹಲ್ಲು ಕಡಿಯುತ್ತಿದ್ದನು. ಮುಂದೆ ಆ ರಾಷ್ಟ್ರದ ಅಧ್ಯಕ್ಷನಾದ ವುಡ್ರೋ ವಿಲ್ಸನ್ನನು 1906ರಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದಾಗ, ಜನರಲ್ಲಿ ಸಿರಿವಂತರ ಮೇಲಣ ಅಸಮಾಧಾನವನ್ನು ಮೋಟಾರಿನಷ್ಟು ಹರಡಿದುದು ಬೇರೊಂದಿಲ್ಲವೆಂದು ಎಚ್ಚರಿಸಿದನು.

ಎರಡೇ ವರ್ಷಗಳಲ್ಲಿ, ಎಂದರೆ 1908ರಲ್ಲಿ, ಹೆನ್ರಿ ಫೋರ್ಡನು ಮಾಡೆಲ್ ಟಿಯನ್ನು ಹೊರತಂದನು. ಮೊದಲು ಅದರ ಬೆಲೆ 850 ಡಾಲರಿನಷ್ಟಿದ್ದಿತು. 1913ರಲ್ಲಿ ಚಲಿಸುವ ಜೋಡಣೆಯ ಸಾಲು ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಗಾಡಿಯ ಚೌಕಟ್ಟಿನ ಜೋಡಣೆಯು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1925ರ ಹೊತ್ತಿಗೆ ಅತ್ಯಂತ ಅಗ್ಗದ ಮಾದರಿಯು 260 ಡಾಲರಿಗೆ ದೊರೆಯಿತು. ಹಲ್ಲು ಕಡಿಯುತ್ತಿದ್ದ ರೈತನೇ ಮೋಟಾರಿನ ಒಡೆಯನಾದನು. ಒಡೆಯನಾದ ಕೂಡಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಹಾಸ್ಯ ಮಾಡಿದುದು. ಅದಕ್ಕೆ 'ತಗಡಿನ ಲಿಜ್ಜಿ' ಎಂದು ಹೆಸರಿಟ್ಟುದು.

ಹಾಸ್ಯಕ್ಕೆ ಸಾಮಗ್ರಿಯ ಕೊರತೆಯಿರಲಿಲ್ಲ. ಎಂಜಿನನ್ನು ಮುಂದಣ ಹಿಡಿಕೆಯಿಂದ ತಿರುಗಿಸಬೇಕು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು. ಎಣ್ಣೆಯ ತೊಟ್ಟಿಯು ಮುಂದಿನ ಆಸನದ ಕೆಳಗೆ. ಎಣ್ಣೆಯೆಷ್ಟಿದೆಯೆಂದು ತಿಳಿಯಲು ಕುಳಿತವರನ್ನು ಎಬ್ಬಿಸಿ ಕೋಲನ್ನು ಅದ್ದಬೇಕು. ಎಣ್ಣೆಯು ತನ್ನ ಭಾರದಿಂದಲೇ ಎಂಜಿನಿಗೆ ಹರಿಯಬೇಕಾದುದರಿಂದ, ಕಡಿದಾದ ದಿಣ್ಣೆಯನ್ನು ಗಾಡಿಯು ಹಿಮ್ಮುಖವಾಗಿ ಏರುತ್ತಿದ್ದಿತು! ಬಣ್ಣವೋ, 1914ರಿಂದ 1925ರವರೆಗೆ ಕಪ್ಪೊಂದೇ.

ಆದುದರಿಂದ ಒಡೆಯರು ಹೇಳುತ್ತಿದ್ದರು: ಲಿಜ್ಜಿಗೆ ವೇಗವನ್ನು ಅಳೆಯುವ ಯಂತ್ರವೇಕೆ? ಹತ್ತು ಮೈಲಿಗೆ ದೀಪಗಳು ಗಡಗಡಿಸುವುವು, ಇಪ್ಪತ್ತಕ್ಕೆ ಚಕ್ರದ ಮೇಲಣ ತಗಡು, ಮೂವತ್ತಕ್ಕೆ ನಮ್ಮ ಎಲುಬು. ಇನ್ನೊಂದು ಕಥೆಯಲ್ಲಿ ಒಬ್ಬನು ತನ್ನನ್ನು ಫೋರ್ಡಿನೊಡನೆಯೇ ಹೂಳಬೇಕೆಂದು ಮರಣಶಾಸನ ಬರೆದನು. ಏಕೆಂದರೆ ಅದು ತನ್ನನ್ನು ಎತ್ತದೆ ಬಿಟ್ಟ ಹಳ್ಳವೇ ಇಲ್ಲವಂತೆ! ಈ ಎರಡನೆಯದರಲ್ಲಿ ನಿಂದೆಯ ಮುಸುಕು ಎಷ್ಟು ತೆಳುವೆಂಬುದನ್ನು ವಾಚಕರೇ ನೋಡಬಹುದು. ಕೆಸರಿನ ರಸ್ತೆಯಲ್ಲಿ ಬೆಲೆಯುಳ್ಳ ಗಾಡಿಗಳು ಹೂತುಹೋಗುವಾಗ ಈ ಹಗುರವಾದ, ಎತ್ತರದ ಗಾಡಿಯು ದಾಟಿ ಹೋಗುತ್ತಿದ್ದಿತು. ಕೆಟ್ಟರೆ ಮನೆಯ ಉಪಕರಣಗಳಿಂದಲೇ ರೈತನು ಸರಿಪಡಿಸುತ್ತಿದ್ದನು.

ಇಂತಹ ಹಾಸ್ಯಗಳು ಪುಸ್ತಿಕೆಗಳಾಗಿ ಮಾರಾಟವಾದುವು. ಫೋರ್ಡನು ಮುನಿಯಲಿಲ್ಲ, ತಾನೂ ಹೇಳಿ ನಗುತ್ತಿದ್ದನು. ಅವನ ಜಾಣತನವು ಇಲ್ಲಿ ಮೆಚ್ಚತಕ್ಕುದೇ. ಆದರೆ ವ್ಯಾಜಸ್ತುತಿಯಲ್ಲಿ ಸ್ತುತಿಯಿರುವಂತೆ, ಮನೆಯವರ ಹಾಸ್ಯದಲ್ಲಿ ಒಂದು ಅಹವಾಲೂ ಇರುವುದು. ಸ್ತುತಿಯನ್ನು ಕೇಳಿದ ಫೋರ್ಡನು ಅಹವಾಲನ್ನು ಕೇಳಲಿಲ್ಲ. ಕ್ಯಾಡಿಲಾಕ್ ಗಾಡಿಯು 1912ರಲ್ಲಿಯೇ ಹಿಡಿಕೆಯ ಬದಲು ವಿದ್ಯುತ್ತಿನಿಂದ ಹೊರಡುತ್ತಿದ್ದಿತು. ಲಿಜ್ಜಿಯ ಒಡೆಯರು ಆ ಸೌಕರ್ಯಕ್ಕಾಗಿ 1919ರವರೆಗೆ ಕಾದರು. ಅಷ್ಟರಲ್ಲಿ ಷೆವ್ರೊಲೆಯಂತಹ ಪ್ರತಿಸ್ಪರ್ಧಿಗಳು ಬಣ್ಣ, ಸೌಖ್ಯ, ಕಂತಿನ ಸಾಲ ಇವುಗಳನ್ನು ಹಿಡಿದು ಬಂದರು. ಮನೆಯವರ ನಗೆಯು ನೆರೆಯವರ ನಗೆಯಾಯಿತು. ಅದನ್ನು ಸಹಿಸುವವರು ಕಡಮೆಯಾದರು. 1927ರ ಮೇ ತಿಂಗಳಲ್ಲಿ ಒಂದು ಕೋಟಿ ಐವತ್ತು ಲಕ್ಷದನೆಯ ಗಾಡಿಯು ಹೊರಬಂದಿತು. ಆ ವರ್ಷವೇ ತಯಾರಿಕೆಯು ನಿಂತಿತು.

ಪ್ರೀತಿಯುಳ್ಳವರು ಹಾಸ್ಯ ಮಾಡಿದರೆ ನಕ್ಕು ಸುಮ್ಮನಾಗುವುದು ಅರ್ಧ ವಿವೇಕ. ನಕ್ಕ ಮೇಲೆ ಆ ಮಾತಿನಲ್ಲಿ ನಿಜವೆಷ್ಟೆಂದು ಏಕಾಂತದಲ್ಲಿ ತೂಗಿ ನೋಡುವುದು ಉಳಿದರ್ಧ. ಇದು ಮೋಟಾರು ಮಾಡುವವರಿಗೆ ಮಾತ್ರ ಹೇಳಿದ ಮಾತಲ್ಲ. ಮಕ್ಕಳು ತಮಗಿಟ್ಟ ಅಡ್ಡಹೆಸರುಗಳನ್ನು ಬಲ್ಲ ಉಪಾಧ್ಯಾಯರಿಗೂ ಸಲ್ಲುವುದು.